ಯಂಕಂಚಿ ಬಾವಿಯ ಮೋಟಾರು ಸುಟ್ಟ ವಿಷಯವಾಗಿ

ಮಾನ್ಯ ವಾಚಕ ಮಹಾಶಯರ ಸನ್ನಿಧಾನಕ್ಕೆ,

ಸಿಂದಗಿಯ ಮೋಟಾರು ವೈಂಡಿಂಗ್ ಕೆಲಸಗಾರನೊಬ್ಬನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೊಟ್ಟಮೊದಲು ನನ್ನ ಅಕ್ಷರದ ಬಗ್ಗೆ ಕ್ಷಮೆ ಇರಲಿ. ತಾಮ್ರದ ತಂತಿ ಎಳೆದೆಳೆದು ಬಲಗೈ ಹೆಬ್ಬೆರಳು ಬಿರುಸಾಗಿದೆ; ಲೇಖನಿ ಅದರ ಮಾತು ಕೇಳುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಶಾಲೆಯ ದಿನಗಳಿಂದಲೂ ನನಗೆ ಸಂಶಯ. ಇದುವರೆಗೆ ನಾನು ಬರೆದದ್ದೆಂದರೆ ರೈತರ ಪರವಾಗಿ ವಿದ್ಯುತ್ ಕಚೇರಿಗೆ ಬರೆದುಕೊಟ್ಟ ಅರ್ಜಿಗಳು ಮಾತ್ರ. ಆದಕಾರಣ ಈ ಬರವಣಿಗೆಯೂ ಅರ್ಜಿಯ ರೀತಿಯಲ್ಲಿಯೇ ಇದ್ದರೆ ಮನ್ನಿಸಬೇಕು. ಬೇರೆ ರೀತಿ ನನಗೆ ತಿಳಿಯದು.

ವಿಷಯವು ನನ್ನ ಸ್ನೇಹಿತನೊಬ್ಬನಿಗೆ ಕೆಲಸ ಕೊಡಿಸಲು ನಾನು ಮಾಡಿದ ಪ್ರಯತ್ನಕ್ಕೆ ಸಂಬಂಧಿಸಿದ್ದು. ಅದು ಇಂದಿಗೆ ನಾಲ್ಕೈದು ವರ್ಷಗಳ ಹಿಂದೆ, ಎಪ್ಪತ್ತರ ದಶಕದ ನಡುವಿನ ಕಾಲ. ನಮ್ಮ ಸೀಮೆಯಲ್ಲಿ ಬಾವಿಗಳಿಗೆ ವಿದ್ಯುತ್ ಪಂಪು ಕೂಡಿಸುವುದು ಆಗ ಭರದಿಂದ ನಡೆದಿತ್ತು. ಪಂಪು ಕೂತಷ್ಟೇ ವೇಗದಲ್ಲಿ ಮೋಟಾರುಗಳು ಸುಡುತ್ತಲೂ ಇದ್ದವು. ನಾನು ದುಡಿಯುತ್ತಿದ್ದ ಅಂಗಡಿಯ ಮುಂಭಾಗದಲ್ಲಿ ಒಂದು ಕಂಪನಿಯ ಹೊಸ ಪಂಪುಗಳ ಮಾರಾಟ. ಹಿಂಭಾಗದ ತಗಡಿನ ಪಡಸಾಲೆಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಕೆಲಸ. ಆ ಹಿಂಭಾಗಕ್ಕೆ ನಾನೊಬ್ಬನೇ.

ಸದರಿ ಸ್ನೇಹಿತನು ಗೊಳಸಂಗಿಯವನು. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬಾಕಿನ ಮೇಲೆ ಕುಳಿತವರು. ನಾನು ಮ್ಯಾಟ್ರಿಕ್ ಮುಗಿಸಿ ಕೆಲಸಕ್ಕೆ ಬಿದ್ದೆ. ಅವನು ವಿಜಾಪುರಕ್ಕೆ ಹೋಗಿ ವಿದ್ಯುತ್ ಶಾಖೆಯ ಡಿಪ್ಲೊಮಾ ಪಾಸಾದ. ಊರಿನವರು ಅವನನ್ನು ಇಂಜಿನಿಯರ್ ಎಂದು ಕರೆಯತೊಡಗಿದರು. ಕೆಲಸ ಮಾತ್ರ ಸಿಗಲಿಲ್ಲ. ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿದ, ವರ್ಷ ವರ್ಷ ನವೀಕರಿಸಿದ, ಕರೆದಲ್ಲೆಲ್ಲ ಸಂದರ್ಶನಕ್ಕೆ ಹೋದ. ಹೀಗೇ ಸರಕಾರಿ ನೌಕರಿಯ ವಯೋಮಿತಿ ದಾಟಿಹೋಯಿತು.

ಅವನು ಆಗಾಗ ನನ್ನನ್ನು ಕಾಣಲು ಸಿಂದಗಿಗೆ ಬರುತ್ತಿದ್ದ. ಬಸ್ಸಿನಿಂದ ಊರ ಹೊರಗಿನ ನಾಕಾ ಹತ್ತಿರವೇ ಇಳಿದು, ಅಡ್ಡದಾರಿಯಿಂದ ನಡೆದು, ಬೆವರಿನಲ್ಲಿ ತೊಯ್ದ ಬಿಳಿ ಅಂಗಿಯಲ್ಲಿ ಅಂಗಡಿಯ ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಒಂದು ದಿನ ನಾನು ಕೇಳಿದೆ:

"ಯಾಕೋ ದೋಸ್ತ, ಬಸ್ ಸ್ಟ್ಯಾಂಡಿನ್ಯಾಗ ಇಳದ್ರ ಯಾರರ ಹಿಡಕೊಂಡ ತಿಂತಾರೇನು?"

"ತಿನ್ನಂಗಿಲ್ಲ, ಕೇಳ್ತಾರ. 'ಈಗೇನ್ ಮಾಡಾಕತ್ತಿಯಪಾ?' ಅಂತಾರ. ತಿಂದಿದ್ರ ಒಂದ ಸಲಕ್ಕ ಮುಗೀತಿತ್ತು."

ಅವನು ನಕ್ಕ. ನಾನು ನಗಲಿಲ್ಲ. ಗೊಳಸಂಗಿಗೆ ಹಿಂದಿರುಗುವಾಗಲೂ ಒಂದು ನಿಲುಗಡೆ ಮೊದಲೇ ಇಳಿದು ಹೊಲಗಳ ಬದುವಿನ ಮೇಲೆ ಮನೆಗೆ ಹೋಗುತ್ತಾನೆಂಬುದು ನನಗೆ ಆಮೇಲೆ ತಿಳಿಯಿತು.

ಆ ದಿನದಿಂದ ಅವನಿಗೊಂದು ಕೆಲಸ ಹುಡುಕುವುದು ನನ್ನ ಜವಾಬ್ದಾರಿಯೆಂದು ಭಾವಿಸಿ ಕಾರ್ಯಪ್ರವೃತ್ತನಾದೆ. ರಜೆಯ ದಿನ ಇಬ್ಬರೂ ಇಂಡಿಗೆ ಹೋದೆವು. ಅಲ್ಲಿ ನನಗೆ ಪರಿಚಯದ ಒಬ್ಬ ವಿದ್ಯುತ್ ಸಾಮಾನಿನ ಅಂಗಡಿಕಾರರಿದ್ದರು. ಅವರು ಚಹಾ ತರಿಸಿದರು, ಅವನ ಪ್ರಮಾಣಪತ್ರವನ್ನು ಎರಡೂ ಕೈಯಿಂದ ಹಿಡಿದು ನೋಡಿದರು, ಹಾಗೆಯೇ ಎರಡೂ ಕೈಯಿಂದ ಹಿಂದಿರುಗಿಸಿದರು.

"ಇವ್ರು ಕುರ್ಚಿಗೆ ಓದ್ಯಾರ್ರಿ. ನನ್ನ ಅಂಗಡ್ಯಾಗ ಇರೂದು ಸ್ಟೂಲ."

"ಸ್ಟೂಲಿನ ಮ್ಯಾಲೂ ಕೂಡ್ತೇನ್ರಿ," ಎಂದು ನನ್ನ ಸ್ನೇಹಿತ ಅರಿಕೆ ಮಾಡಿದ.

"ನೀವು ಕೂಡ್ತೀರಿ. ಆದ್ರ ನಿಮಗ 'ಲೇ ಪಕ್ಕಡ ಕೊಡ' ಅನ್ನಾಕ ನನಗ ಬಾಯಿ ಬರಂಗಿಲ್ಲಲ್ರಿ."

ಮುದ್ದೇಬಿಹಾಳದಲ್ಲಿ ಒಂದು ಹತ್ತಿ ಜಿನ್ನಿನಲ್ಲಿ ಮೋಟಾರು ನೋಡಿಕೊಳ್ಳುವವರು ಬೇಕಾಗಿದ್ದರು. ಅಲ್ಲಿಯ ವ್ಯವಸ್ಥಾಪಕರು ಅನುಭವವೆಷ್ಟು ಎಂದು ಕೇಳಿದರು. ಇಲ್ಲವೆಂದಾಗ ಅನುಭವ ಪಡೆದು ಬರಬೇಕೆಂದು ಸೂಚಿಸಿದರು. ಹೊರಗೆ ಬಂದ ಮೇಲೆ ಸ್ನೇಹಿತನು, "ಅನುಭವ ಎಲ್ಲೆ ಮಾರ್ತಾರ ಕೇಳೂದು ಮರತ ಬಿಟ್ಟೆ ನೋಡು," ಎಂದ.

ಇಂತಿರಲು ಕಂಪನಿಯ ಸಾಹೇಬರೊಬ್ಬರು ಹುಬ್ಬಳ್ಳಿಯಿಂದ ನಮ್ಮ ಅಂಗಡಿಗೆ ಭೇಟಿ ಕೊಟ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಿಗೆ ಸೇರಿ ಒಬ್ಬ ಸರ್ವಿಸ್ ಮೆಕ್ಯಾನಿಕ್‌ನನ್ನು ನೇಮಿಸುವುದಾಗಿ ತಿಳಿಸಿದರು. ವಯಸ್ಸಿನ ನಿರ್ಬಂಧವಿಲ್ಲ, ಡಿಪ್ಲೊಮಾ ಆದವರಿಗೆ ಆದ್ಯತೆ. ಷರತ್ತುಗಳು ಎರಡೇ. ಅಂಗಡಿಯ ಮಾಲಕರ ಶಿಫಾರಸು ಇರಬೇಕು. ಅಭ್ಯರ್ಥಿಯು ತನ್ನ ಕೈಯಾರೆ ಒಂದು ಸುಟ್ಟ ಮೋಟಾರನ್ನು ಸುತ್ತಿ, ಗಿರಾಕಿಯ ಬಾವಿಗೆ ಕೂಡಿಸಬೇಕು; ಸಾಹೇಬರ ಮುಂದಿನ ಭೇಟಿಯವರೆಗೆ ಅದು ನಿಲ್ಲದೆ ಓಡಬೇಕು.

ಸಾಹೇಬರ ಜೀಪು ಹೋದ ಮೇಲೆ ನಾನು ಮಾಲಕರ ಮುಂದೆ ನಿಂತು ಸ್ನೇಹಿತನ ಹೆಸರು ಹೇಳಿದೆ. ಮಾಲಕರು ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕುಳಿತರು.

"ನೋಡಪಾ, ನಾ ಹೆಸರ ಕೊಟ್ಟ ಮ್ಯಾಲೆ ಮೋಟಾರ ಸುಟ್ಟಿತಂದ್ರ ಬರೇ ಮೋಟಾರ ಸುಡಂಗಿಲ್ಲ, ನನ್ನ ಮಾರಿನೂ ಸುಡತೈತಿ."

"ನಾ ಕಲಸ್ತೇನ್ರಿ ಸಾವ್ಕಾರ್ರ. ನನ್ನ ಕಣ್ಣ ಮುಂದ ಮಾಡ್ತಾನ್ರಿ."

"ಕರಕೊಂಡ ಬಾ ಹಂಗಾರ ಇಂಜಿನಿಯರ್ ಸಾಹೇಬ್ರನ್ನ. ಆದ್ರ ಆ ಬಿಳಿ ಅಂಗಿ ಮನ್ಯಾಗ ಬಿಟ್ಟ ಬರಾಕ ಹೇಳು."

ಅವನು ಬಂದ. ನನ್ನ ಖೋಲಿಯಲ್ಲಿಯೇ ಉಳಿದ. ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಲು ಅನುಮತಿ ಬೇಡುತ್ತೇನೆ. ಅದಿಲ್ಲದೆ ಮುಂದಿನದು ಅರ್ಥವಾಗಲಿಕ್ಕಿಲ್ಲ. ಮೋಟಾರಿನ ಹೊರಮೈ ಒಂದು ಕಬ್ಬಿಣದ ಡಬ್ಬಿ. ಅದರ ಒಳಗೋಡೆಯಲ್ಲಿ ಸುತ್ತಲೂ ಉದ್ದನೆಯ ಸೀಳುಗಳಿರುತ್ತವೆ. ಆ ಸೀಳುಗಳಲ್ಲಿ ತಾಮ್ರದ ತಂತಿಯ ಸುರುಳಿಗಳು ಕೂತಿರುತ್ತವೆ. ಮೋಟಾರು ಸುಟ್ಟಾಗ ಹಳೆಯ ಸುರುಳಿಗಳನ್ನು ಕಿತ್ತು, ಸುತ್ತುಗಳನ್ನು ಎಣಿಸಿ, ತಂತಿಯ ದಪ್ಪವನ್ನು ಅಳತೆ ತಟ್ಟೆಯಿಂದ ನೋಡಿ ಗುರುತು ಹಾಕಿಕೊಳ್ಳಬೇಕು. ಸೀಳುಗಳನ್ನು ಕೆರೆದು ಶುದ್ಧಮಾಡಿ, ಪ್ರತಿಯೊಂದಕ್ಕೂ ದಪ್ಪ ಕಾಗದದ ಒಳಹೊದಿಕೆ ಹಾಕಬೇಕು. ಕಟ್ಟಿಗೆಯ ಅಚ್ಚಿನ ಮೇಲೆ ಹೊಸ ಸುರುಳಿ ಸುತ್ತಿ, ನಾಲ್ಕಾರು ಎಳೆಗಳಂತೆ ಬಿದಿರಿನ ಪಟ್ಟಿಯಿಂದ ಮೆಲ್ಲಗೆ ಸೀಳಿನೊಳಗೆ ಇಳಿಸಬೇಕು. ಕೊನೆಗೆ ವಾರ್ನಿಷ್ ಸುರಿದು ಒಣಗಿಸಬೇಕು. ತಂತಿಯ ಮೇಲಿನ ಎನಾಮಲು ಉಗುರಿನ ಗೀರಿನಷ್ಟು ಹೋದರೂ ಕರೆಂಟು ಕಬ್ಬಿಣಕ್ಕೆ ಹಾಯುತ್ತದೆ. ಇಡೀ ಕೆಲಸ ವ್ಯರ್ಥ.

ನನ್ನ ಸ್ನೇಹಿತನಿಗೆ ಇದೆಲ್ಲ ಪುಸ್ತಕದಿಂದ ನನಗಿಂತ ಚೆನ್ನಾಗಿ ಗೊತ್ತಿತ್ತು. ಸುತ್ತು ಎಣಿಸಲಾಗದಷ್ಟು ಕರಗಿಹೋದ ಮೋಟಾರಿಗೂ ಅವನು ಲೆಕ್ಕ ಹಾಕಿ ಸುತ್ತು ಹೇಳಬಲ್ಲವನಾಗಿದ್ದ. ಆ ಲೆಕ್ಕವನ್ನು ನಾನು ಇಂದಿಗೂ ಅವನಿಂದ ಕಲಿತಂತೆಯೇ ಬಳಸುತ್ತೇನೆ. ಕೈಯೂ ಬೇಗ ಕಲಿಯಿತು. ತೊಂದರೆ ಬೇರೆ ಕಡೆ ಇತ್ತು. ಪ್ರತಿಯೊಂದಕ್ಕೂ ಅವನು ಅಪ್ಪಣೆ ಕೇಳುತ್ತಿದ್ದ. "ಈ ಕಾಗದ ಕತ್ತರಿಸ್ಲಿ?", "ಈ ಎಳಿ ಇಳಿಸ್ಲಿ?", "ನೀರ ಕುಡದ ಬರ್ಲಿ?" ವರ್ಷಾನುಗಟ್ಟಲೆ ಬಾಗಿಲುಗಳ ಹೊರಗೆ ನಿಂತವನು ಒಳಗೆ ಬಂದ ಮೇಲೂ ಹೊರಗೇ ನಿಂತಿದ್ದ. ಅಭ್ಯಾಸಕ್ಕೆಂದು ಕೊಟ್ಟ ಹಳೆಯ ಮೋಟಾರಿಗೆ ಮೊದಲ ಸಲ ಸುರುಳಿ ಇಳಿಸಿ ಟೆಸ್ಟ್ ಲ್ಯಾಂಪು ಹಚ್ಚಿದಾಗ ಬಲ್ಬು ಉರಿಯಿತು. ಉರಿಯಬಾರದು, ಉರಿದರೆ ಎಲ್ಲಿಯೋ ತಂತಿ ಕಬ್ಬಿಣಕ್ಕೆ ತಾಗಿದೆಯೆಂದು ಅರ್ಥ. ಅವನು ಆ ಬಲ್ಬನ್ನೇ ನೋಡುತ್ತ ನಿಂತ. ನನ್ನ ಮಾತಿಗೆ ಕಾಯದೆ ಎಲ್ಲ ಸುರುಳಿ ಕಿತ್ತು ಹಾಕಿದ. ಅಪ್ಪಣೆ ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಎರಡನೆಯ ಸಲ ಬಲ್ಬು ಉರಿಯಲಿಲ್ಲ.

ಅದೇ ಸಮಯಕ್ಕೆ ಯಂಕಂಚಿಯ ರೈತರೊಬ್ಬರ ಮೋಟಾರು ಸುಟ್ಟು ಚಕ್ಕಡಿಯಲ್ಲಿ ಬಂತು. ಮಾಲಕರು ಅದನ್ನು ನನ್ನ ಸ್ನೇಹಿತನ ಮುಂದೆ ಇಳಿಸಿ, "ಇದ ನೋಡ್ರಿ ನಿಮ್ಮ ಪರೀಕ್ಷಾ," ಎಂದರು. ಆ ಮೋಟಾರನ್ನು ಅವನು ಸುತ್ತಿದ ರೀತಿಯನ್ನು ನಾನು ಎಷ್ಟು ಬರೆದರೂ ಕಡಿಮೆ. ಸುರುಳಿಗಳ ಹೊರ ಅಂಚುಗಳನ್ನು ನೂಲಿನ ಪಟ್ಟಿಯಿಂದ ಬಿಗಿದದ್ದು ಹೆಣ್ಣುಮಕ್ಕಳು ಹೆಣೆದ ಜಡೆಯಂತಿತ್ತು. ವಾರ್ನಿಷನ್ನು ಎರಡು ಸಲ ಸುರಿದು, ಇದ್ದಿಲ ಕಾವಿನಲ್ಲಿ ಒಣಗಿಸಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಮತ್ತೆ ಒಣಗಿಸಿದ. ಮಾಲಕರು ಬಂದು ಬಗ್ಗಿ ನೋಡಿದರು. ಕೈಯಲ್ಲಿದ್ದ ಅಡಿಕೆಯಲ್ಲಿ ಅರ್ಧ ಅವನಿಗೆ ಕೊಟ್ಟರು.

ರವಿವಾರ ಮಧ್ಯಾಹ್ನ ಮೋಟಾರಿನೊಂದಿಗೆ ನಾವಿಬ್ಬರೂ ಯಂಕಂಚಿ ತಲುಪಿದೆವು. ರೈತರ ಮನೆಯಲ್ಲಿ ಊಟಕ್ಕೆ ಕೂಡಿಸಿದರು. ಬಡಿಸುತ್ತಿದ್ದವಳು ಆ ಮನೆಗೆ ಹೊಸದಾಗಿ ಬಂದ ಸೊಸೆ. ರೈತರ ಹಿರಿಯ ಮಗನ ಹೆಂಡತಿ. ಪಡಸಾಲೆಯ ಕಂಬಕ್ಕೆ ಒರಗಿ ರೈತರ ಹೆಂಡತಿ, ಎಂದರೆ ಅವಳ ಅತ್ತೆ, ಕುಳಿತಿದ್ದರು.

"ಈಕಿ ಹೊಸ್ತಿಲಾ ದಾಟಿದ್ದು, ಎಮ್ಮಿ ಸತ್ತಿದ್ದು," ಎಂದು ಆ ತಾಯಿ ನಮ್ಮನ್ನು ಉದ್ದೇಶಿಸಿ ಹೇಳಿದರು. "ಬೆನ್ನಿಗೆ ಮೋಟಾರ ಸುಟ್ತು. ಇನ್ನ ಏನೇನ ಸುಡಾಕಿ ಅದಾಳೋ!"

ಸೊಸೆ ತಲೆ ತಗ್ಗಿಸಿ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ನನ್ನ ಸ್ನೇಹಿತ ತುತ್ತು ಕೈಯಲ್ಲಿ ಹಿಡಿದು ಕೂತುಬಿಟ್ಟಿದ್ದ.

"ಅಮ್ಮಾರ, ಮೋಟಾರ ಸುಟ್ಟಿದ್ದು ಕರೆಂಟ ಕಮ್ಮಿ ಬಂದದ್ದಕ್ಕ ರೀ. ಲೈನಿನ ಕೊನೀಗೆ ಐತಿ ನಿಮ್ಮ ಬಾವಿ," ಎಂದ.

"ಕಮ್ಮಿ ಬಂದ್ರ ಕಮ್ಮಿ ಸುಡಬೇಕಲ್ಲೋ ತಮ್ಮಾ? ಪೂರಾ ಯಾಕ ಸುಟ್ತು?"

ರೈತರು ಜೋರಾಗಿ ನಕ್ಕರು, ನಾವೂ ನಕ್ಕೆವು. ಸೊಸೆ ಒಳಗೆ ಹೋದಳು. ಊಟ ಮುಗಿಸಿ ಬಾವಿಯ ಕಡೆ ನಡೆಯುವಾಗ ಅವನು ಇದ್ದಕ್ಕಿದ್ದಂತೆ, "ಆಕೀದೂ ನನ್ನಂಗ ನೋಡು. ದಿನಾ ಅದ ಒಂದ ಮಾತ ಕೇಳಬೇಕು," ಎಂದ.

ಪೈಪು, ಕಟ್ಟೆ ಸರಿಮಾಡುವುದರಲ್ಲಿಯೇ ಕತ್ತಲಾಗಿ ಆ ರಾತ್ರಿ ಅಲ್ಲಿಯೇ ಉಳಿದೆವು. ಮರುದಿನ ಸೋಮವಾರ. ಬಸವಣ್ಣನ ವಾರವಾದ್ದರಿಂದ ಆ ದಿನ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲವೆಂಬುದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಮೋಟಾರನ್ನು ಬಾವಿಗೆ ಇಳಿಸುವ ಹಗ್ಗವನ್ನು ಗಂಡಸರೇ ಹಿಡಿಯಬೇಕಾಯಿತು. ಹೊಲದಲ್ಲಿ ಗಳೆ ಹೂಡದ ದಿನವಾದ್ದರಿಂದ ಓಣಿಯ ಜನವೆಲ್ಲ ನೋಡಲು ಬಂದಿತ್ತು. ಮೂರು ತೊಲೆಗಳನ್ನು ಕೂಡಿಸಿ ನಿಲ್ಲಿಸಿ, ಅದಕ್ಕೆ ರಾಟೆ ಕಟ್ಟಿ, ಮೋಟಾರಿನ ನೆತ್ತಿಯ ಮೇಲಿನ ಕಬ್ಬಿಣದ ಹುಕ್ಕಿಗೆ ಹಗ್ಗ ಹಾಕಿ, ನೀರಿನ ಸಮೀಪದ ಕಟ್ಟೆಯ ಮೇಲೆ ಇಳಿಸಿದೆವು. ಸ್ನೇಹಿತನು ಪಂಪಿಗೆ ಜೋಡಿಸಿ, ಮಟ್ಟ ನೋಡಿ, ಬೋಲ್ಟು ಬಿಗಿದ. ನಂತರ ಆ ಹುಕ್ಕನ್ನು ತಿರುವಿ ತೆಗೆದು ಕಿಸೆಗೆ ಹಾಕಿಕೊಂಡ. ಆ ಅಳತೆಯ ಹುಕ್ಕು ನಮ್ಮ ಅಂಗಡಿಯಲ್ಲಿ ಅದೊಂದೇ ಇತ್ತು. ಪ್ರತಿ ಸಲ ಹಿಂದಕ್ಕೆ ತರಬೇಕೆಂಬುದು ಅಂಗಡಿಯ ಪದ್ಧತಿ. ಹುಕ್ಕು ತೆಗೆದ ಜಾಗದಲ್ಲಿ ಬೆರಳು ಹೋಗುವಷ್ಟು ತೂತು ಉಳಿಯುತ್ತದೆ. ಆ ಮಾದರಿಯ ಮೋಟಾರಿನಲ್ಲಿ ಅದು ಒಳಗಿನವರೆಗೆ ಹಾಯ್ದಿರುತ್ತದೆ. ಅದನ್ನು ಮುಚ್ಚುವ ಪದ್ಧತಿ ನಮ್ಮಲ್ಲಿರಲಿಲ್ಲ. ಬೇರೆ ಅಂಗಡಿಗಳಲ್ಲಿಯೂ ನಾನು ಕಂಡಿರಲಿಲ್ಲ.

ನಾವಿಬ್ಬರೂ ಮೇಲೆ ಬಂದು ಗುಡಿಸಲಿನಲ್ಲಿದ್ದ ಸ್ಟಾರ್ಟರಿಗೆ ವೈರು ಜೋಡಿಸುತ್ತಿದ್ದೆವು. ಆ ಹೊತ್ತಿಗೆ ಪೂಜೆಯ ಏರ್ಪಾಡಾಯಿತು. ಮೊಣಕಾಲು ನೋವಿನ ಕಾರಣ ರೈತರ ಹೆಂಡತಿಗೆ ಬಾವಿಯ ಪಾವಟಿಗೆ ಇಳಿಯಲಾಗದು. ಸೊಸೆ ತಟ್ಟೆ ಹಿಡಿದು ಇಳಿದಳು. ಮೇಲಿಂದ ಅತ್ತೆ ಕೂಗಿ ಹೇಳುತ್ತಿದ್ದುದು ನಮಗೂ ಕೇಳಿಸಿತು.

"ವಿಭೂತಿ ಹಚ್ಚು! ಕುಂಕುಮ ಹಚ್ಚು! ಕಾಯಿ ಒಡದ ನೀರ ನೆತ್ತಿ ಮ್ಯಾಲೆ ಹಾಕು! ತಂಪಾಗ್ಲಿ, ಬಾಳ ಕಾವ ಅದರದು!"

ಸೊಸೆ ಹೇಳಿದಂತೆಯೇ ಮಾಡಿದಳು. ನಾವು ಕೆಳಗಿಳಿದು ನೋಡಿದಾಗ ಮೋಟಾರಿನ ಮೇಲೆ ವಿಭೂತಿ, ಕುಂಕುಮ, ಒಂದು ಕಣಗಲ ಹೂವು ಇದ್ದವು. ಹೂವು ಆ ತೂತಿನ ಮೇಲೆಯೇ ಇತ್ತು. ಸ್ನೇಹಿತನು ಮೋಟಾರಿನ ಮೈ ಒದ್ದೆಯಾದಲ್ಲೆಲ್ಲ ಬಟ್ಟೆಯಿಂದ ಒರೆಸಿದ. ಹೂವನ್ನು ತೆಗೆಯಲಿಲ್ಲ, ನಾನಾಗಿದ್ದರೂ ತೆಗೆಯುತ್ತಿರಲಿಲ್ಲ.

ಮೇಲೆ ಬಂದು ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದ. ಮೋಟಾರು ಒಮ್ಮೆ ಮೈ ಕೊಡವಿ ಏಕಶ್ರುತಿಯಲ್ಲಿ ಹಾಡತೊಡಗಿತು. ಪೈಪು ಕೆಮ್ಮಿತು, ಉಗುಳಿತು, ನಂತರ ತೊಡೆಯಷ್ಟು ದಪ್ಪ ನೀರು ಕಾಲುವೆಗೆ ಬಿತ್ತು. ಜನ ಕೇಕೆ ಹಾಕಿತು. ರೈತರು ನನ್ನ ಸ್ನೇಹಿತನ ಬೆನ್ನಿಗೆ ಗುದ್ದಿ, "ಭಲೇ ಇಂಜಿನಿಯರ!" ಎಂದರು. ಅವನು ಎರಡೂ ಕೈಗಳನ್ನು ನೀರಿನ ಧಾರೆಗೆ ಒಡ್ಡಿ ಸುಮ್ಮನೆ ನಿಂತುಕೊಂಡಿದ್ದ. ಅವನ ಮುಖವನ್ನು ನಾನು ಅಷ್ಟು ಹಗುರಾಗಿ ಹಿಂದೆಂದೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಮೊದಲ ಮಡಿ ತುಂಬಿ ನೀರು ಎರಡನೆಯದಕ್ಕೆ ತಿರುಗುವಷ್ಟರಲ್ಲಿ ಸದ್ದು ಬದಲಾಯಿತು. ಹಾಡು ಹೋಗಿ ಗುರುಗುಟ್ಟುವಿಕೆ ಬಂತು. ನಾವು ಓಡಿದೆವು. ಓಡುವಷ್ಟರಲ್ಲಿ ಗುಡಿಸಲಿನಲ್ಲಿ ಫ್ಯೂಜು ಸಿಡಿಯಿತು. ಬಾವಿಯೊಳಗಿಂದ ತೆಳ್ಳಗಿನ ಹೊಗೆ ಏಳುತ್ತಿತ್ತು. ಅತ್ತೆ ಒಮ್ಮೆ ಸೊಸೆಯ ಕಡೆಗೆ ತಿರುಗಿ ನೋಡಿ, "ಆತಲ್ಲ?" ಎಂದರು. ಅಷ್ಟೇ.

ನನ್ನ ಸ್ನೇಹಿತ ಅದನ್ನು ಕೇಳಿಸಿಕೊಂಡ. ಜನರ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ, "ನನ್ನ ಕೆಲಸದಾಗ ಏನೋ ಫರಕ ಬಂದೈತ್ರಿ. ತಿರುಗಿ ಮಾಡಿ ಕೊಡ್ತೇನಿ," ಎಂದ. ಆಗ ಅವನಿಗೂ ಕಾರಣ ಗೊತ್ತಿರಲಿಲ್ಲ.

ಕಾರಣ ಗೊತ್ತಾದದ್ದು ಮರುದಿನ ಸಿಂದಗಿಯಲ್ಲಿ. ಮೋಟಾರಿನ ಮುಚ್ಚಳ ಬಿಚ್ಚುತ್ತಲೇ ಸುಟ್ಟ ಬೆಲ್ಲದಂಥ ವಾಸನೆ ಬಂತು. ಸುಟ್ಟ ವಾರ್ನಿಷಿನ ವಾಸನೆ ನನಗೆ ಚಿರಪರಿಚಿತ, ಇದು ಅದಲ್ಲ. ಸುರುಳಿಗಳು ಕೆಳಗೆಲ್ಲ ಹೊಸದಾಗಿಯೇ ಇದ್ದವು. ನೆತ್ತಿಯ ತೂತಿನ ನೇರ ಕೆಳಗೆ ಮಾತ್ರ, ಅಂಗೈಯಷ್ಟು ಜಾಗದಲ್ಲಿ, ಕಪ್ಪಾಗಿ ಅಂಟಂಟಾಗಿ ಕರಗಿದ್ದವು. ಒಳಹೊದಿಕೆಯ ಕಾಗದಕ್ಕೆ ಕುಂಕುಮದ ಕೆಂಪು ಇಳಿದಿತ್ತು. ಕಾಯಿಯ ನೀರು ಉಪ್ಪು, ಸಕ್ಕರೆ ಎರಡೂ ಇರುವಂಥದು; ತಂತಿ ತಂತಿಯ ನಡುವೆ ಕರೆಂಟಿಗೆ ದಾರಿ ಮಾಡಿಕೊಡಲು ಅಷ್ಟು ಸಾಕು.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. "ನಿನ್ನ ತಪ್ಪ ಇಲ್ಲೋ!" ಎಂದು ಕೂಗಿದೆ. "ಸಾಹೇಬ್ರು ಬಂದ ಮ್ಯಾಲೆ ಇದನ್ನ ಹಿಂಗ ತೋರ್ಸೂಣು. ಮುಗೀತು. ನಿನ್ನ ಕೆಲಸ ಎಲ್ಲೂ ಹೋಗಂಗಿಲ್ಲ."

ಅವನು ಸುರುಳಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ಹಿಡಿದು, ಕೆಳಗಿಟ್ಟ.

"ತೋರ್ಸಿದ ಮ್ಯಾಲೆ ಸಾಹೇಬ್ರು ಏನ ಮಾಡ್ತಾರ?"

"ಗಿರಾಕಿ ತಪ್ಪು ಅಂತ ಬರೀತಾರ. ಯಂಕಂಚಿಗೆ ಹೋಗಿ ಸಹಿ ತರ್ತಾರ."

"ಆ ಮನಿಯಾಗ ನಿಂತ ಓದಿ ಹೇಳ್ತಾರ. ಕಾಯಿ ನೀರ ಹಾಕಿದ್ದಕ್ಕ ಮೋಟಾರ ಸುಟ್ಟೈತಿ ಅಂತಾರ."

ಆಗ ನನಗೆ ಅವನ ಮಾತಿನ ದಿಕ್ಕು ತಿಳಿಯಿತು. ವಾದಿಸಿದೆ. "ನೆತ್ತಿ ಮ್ಯಾಲೆ ಹಾಕು ಅಂದಾಕಿ ಅತ್ತಿನ ಅಲ್ಲೇನು? ಎಲ್ಲಾರೂ ಕೇಳ್ಯಾರ."

"ಹೇಳಿದ್ದ ಯಾರ ನೆನಪಿಡ್ತಾರೋ? ಹಾಕಿದ್ದ ಎಲ್ಲಾರೂ ನೋಡ್ಯಾರ."

"ಬಾವಿ ನೀರ ಸಿಡದೈತಿ ಅನ್ನೂಣು ಹಂಗಾರ."

"ಬಾವಿ ನೀರಿನ್ಯಾಗ ಕುಂಕುಮ ಇರತೈತೇನು? ಸಾಹೇಬ್ರೂ ನಮ್ಮಂಗ ಕಣ್ಣ, ಮೂಗ ಇದ್ದವರ."

ಕೊನೆಗೆ ನಾನು ಸಿಟ್ಟಿಗೆದ್ದು, ಇದು ನಿನ್ನ ಕೊನೆಯ ಬಾಗಿಲು, ಇದಾದ ಮೇಲೆ ನಾನು ಎಲ್ಲಿಯೂ ಕರೆದೊಯ್ಯಲಾರೆ ಎಂದೆ. ಅವನು ಸಮಾಧಾನದಿಂದಲೇ ಉತ್ತರಿಸಿದ:

"ಇದ ಹೋದ್ರ ನಾ ಮೊದಲ ಹೆಂಗಿದ್ನಿ ಹಂಗ ಇರ್ತೇನಿ. ಅದು ರೂಢಿ ಐತಿ ನನಗ. ಆಕಿ ಆ ಮನಿಯಾಗ ಇನ್ನೂ ಬಾಳೇವ ಮಾಡಬೇಕು."

ಸಾಹೇಬರು ಆ ವಾರವೇ ಬಂದರು. ಮೋಟಾರು ಹಲಗೆಯ ಮೇಲೆ ಬಿಚ್ಚಿಕೊಂಡೇ ಇತ್ತು. ಸ್ನೇಹಿತನು ಸುಟ್ಟ ಸುರುಳಿಗಳನ್ನೂ ಕುಂಕುಮ ಹತ್ತಿದ ಕಾಗದವನ್ನೂ ಆಗಲೇ ಕತ್ತರಿಸಿ ತೆಗೆದಿದ್ದ. ಮಾಲಕರು ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ಒಳ್ಳೆಯ ಮನುಷ್ಯರು. ಕತ್ತರಿಸಿದ ಸುರುಳಿಯ ಒಂದು ತುಂಡನ್ನು ಎತ್ತಿ, ಬಿಗಿದ ಪಟ್ಟಿಯನ್ನು ನೋಡಿ, "ಇಷ್ಟು ಚಂದ ಕಟ್ಟಿದ ವೈಂಡಿಂಗ್ ತನ್ನಷ್ಟಕ್ಕ ಸುಡೂದಿಲ್ರಿ," ಎಂದರು. "ಗಿರಾಕಿ ಏನರ ಮಾಡಿದ್ರ ಹೇಳ್ರಿ. ನಾನ ಖುದ್ದ ಹೋಗಿ ಬರಕೊಂಡ ಬರ್ತೇನಿ. ನಿಮ್ಮ ಹೆಸರು ಹಂಗ ಉಳೀತೈತಿ."

ನನ್ನ ಬಾಯಿ ತೆರೆಯಿತು. ಸ್ನೇಹಿತನು ನನ್ನತ್ತ ನೋಡಲಿಲ್ಲ.

"ಗಿರಾಕೀದು ಏನೂ ತಪ್ಪಿಲ್ರಿ ಸಾಹೇಬ್ರ. ವೈಂಡಿಂಗ್ ನಂದ್ರಿ."

"ವಿಚಾರ ಮಾಡಿ ಹೇಳ್ರಿ."

"ಮಾಡೇನ್ರಿ."

ಸಾಹೇಬರು ಮಾಲಕರ ಕಡೆ ನೋಡಿದರು. ಮಾಲಕರು ಅಡಕತ್ತರಿಯ ಕಡೆ ನೋಡಿದರು. ಅವರ ಮೂಗಿಗೂ ಆ ಬೆಲ್ಲದ ವಾಸನೆ ಬಂದಿತ್ತೆಂದು ನನ್ನ ನಂಬಿಕೆ. ಆದರೆ ಈ ಬಗ್ಗೆ ಅವರು ನನ್ನೊಂದಿಗೆ ಎಂದೂ ಮಾತಾಡಲಿಲ್ಲ. ಸಾಹೇಬರು ನಿಂತಲ್ಲಿಯೇ ಎರಡು ಸಾಲು ಗೀಚಿಕೊಂಡು ಜೀಪು ಹತ್ತಿದರು. ಆ ಸ್ಥಾನಕ್ಕೆ ಮುಂದೆ ಬೇರೆ ಜಿಲ್ಲೆಯ ಒಬ್ಬರು ಬಂದರು.

ಸ್ನೇಹಿತನು ಹೊರಡುವ ಮುಂಚೆ ಯಂಕಂಚಿಯ ಮೋಟಾರನ್ನು ಮತ್ತೊಮ್ಮೆ ಸುತ್ತಿದ. ಹಿಂದಿನದಕ್ಕಿಂತ ಒಂದು ಕೂದಲೆಳೆಯಷ್ಟೂ ಕಡಿಮೆಯಾಗದಂತೆ ಸುತ್ತಿದ. ಆಮೇಲೆ ಪಡಸಾಲೆಯಲ್ಲಿ ಕುಳಿತು ಜಾಲಿಯ ಕಟ್ಟಿಗೆಯಿಂದ ಸಣ್ಣ ಸಣ್ಣ ಬೆಣೆಗಳನ್ನು ಕೆತ್ತಿದ. ಹುಕ್ಕಿನ ತೂತಿಗೆ ಬಿಗಿಯಾಗಿ ಕೂಡುವಂಥವು. ಒಂದನ್ನು ಆ ಮೋಟಾರಿಗೆ ಬಡಿದ. ಉಳಿದವನ್ನು ನನ್ನ ಹತ್ಯಾರಿನ ಡಬ್ಬಿಯಲ್ಲಿ ಹಾಕಿದ. "ಪ್ರತಿ ಮೋಟಾರಿಗೂ ಹಚ್ಚು. ಯಾಕ ಅಂತ ಯಾರರ ಕೇಳಿದ್ರ ಧೂಳಿಗೆ ಅನ್ನು," ಎಂದ. ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೊರಟೆ. ಬೇಡವೆಂದು, ನಾಕಾ ಕಡೆಗೆ ಅಡ್ಡದಾರಿ ಹಿಡಿದ. ಬಿಳಿ ಅಂಗಿಯನ್ನು ಮತ್ತೆ ತೊಟ್ಟಿದ್ದ.

ಮೋಟಾರನ್ನು ಯಂಕಂಚಿಗೆ ಒಯ್ದು ಕೂಡಿಸಿದವನು ನಾನು. ಅದು ಓಡಿತು. ಅಂದಿನಿಂದ ಈ ಅರಿಕೆ ಬರೆಯುವವರೆಗೂ ಓಡುತ್ತಲೇ ಇದೆ. ಕಳೆದ ಬೇಸಿಗೆಯಲ್ಲಿ ಪಂಪಿನ ವಾಶರ್ ಬದಲಿಸಲು ಅಲ್ಲಿಗೆ ಹೋಗುವ ಪ್ರಸಂಗ ಬಂತು. ಕೆಲಸ ಮುಗಿದ ಮೇಲೆ ಆ ಸೊಸೆ, ಈಗ ಒಂದು ಕೂಸಿನ ತಾಯಿಯಾದವಳು, ಪಾವಟಿಗೆ ಇಳಿದು ಬಂದು ಮೋಟಾರಿಗೆ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ನೀರನ್ನು ನೆತ್ತಿಯ ಮೇಲೆಯೇ ಹಾಕಿದಳು. ನೀರು ಬೆಣೆಯ ಮೇಲೆ ಬಿದ್ದು, ಎರಡೂ ಬದಿಗೆ ಹರಿದು, ಕಟ್ಟೆಯ ಕಲ್ಲಿಗೆ ಇಳಿಯಿತು. ನಾನು ಅದನ್ನು ನೋಡುತ್ತ ನಿಂತೆ. ಮೇಲಿನಿಂದ ಯಾರೂ ಅವಳನ್ನು ಏನೂ ಅನ್ನುತ್ತಿರಲಿಲ್ಲ.

ಕಾಯಿಯ ಒಂದು ಹೋಳನ್ನು ನನ್ನ ಕೈಗಿಟ್ಟು ಅವಳು ಕೇಳಿದಳು:

"ನಿಮ್ಮ ಕೂಡ ಇನ್ನೊಬ್ಬ ಅಣ್ಣಾರ ಬಂದಿದ್ರಲ್ರೀ, ಇಂಜಿನಿಯರ್ರು. ಅವ್ರು ಈಗೇನ್ ಮಾಡಾಕತ್ತಾರ್ರಿ?"

ಅರ್ಜಿಗಳಲ್ಲಿ ಇಂಥ ಪ್ರಶ್ನೆಗೆ ಉತ್ತರಿಸುವ ಕ್ರಮವನ್ನು ನಾನು ಎಲ್ಲಿಯೂ ಓದಿಲ್ಲ. "ಅದಾರ್ರಿ ಅವ್ವಾ, ಊರಾಗ ಅದಾರ," ಎಂದೆ. ಅವನು ಗೊಳಸಂಗಿಯಲ್ಲಿಯೇ ಇದ್ದಾನೆ. ಇಂದಿಗೂ ಒಂದು ನಿಲುಗಡೆ ಮೊದಲೇ ಇಳಿಯುತ್ತಾನೆ.

ಮಾನ್ಯರೇ, ನನ್ನ ಅರಿಕೆ ಇಲ್ಲಿಗೆ ಮುಗಿಯಿತು. ಇದರಲ್ಲಿ ಕಾಗುಣಿತ, ಒತ್ತಕ್ಷರ, ವಾಕ್ಯರಚನೆಗಳಲ್ಲಿ ತಪ್ಪುಗಳು ಬಹಳ ಇರುವುದು ನಿಶ್ಚಯ. ಕಂಡಲ್ಲಿ ಕಂಡಂತೆ ತಮ್ಮ ಕೈಯಾರೆ ತಿದ್ದಿ ಓದಿಕೊಳ್ಳಬೇಕು. ಸ್ನೇಹಿತನು ಸಾಹೇಬರಿಗೆ ಹೇಳಿದ ಆ ಒಂದು ಮಾತನ್ನು ಮಾತ್ರ ಅವನು ಹೇಳಿದಂತೆಯೇ ಬಿಡಬೇಕೆಂದು ಪ್ರಾರ್ಥನೆ. ಅದನ್ನು ತಿದ್ದಲು ನಾನೂ ಬಹಳ ಸಲ ಬಾಯಿ ತೆರೆದಿದ್ದೇನೆ.

ತಮ್ಮ ವಿಧೇಯ,
ಸಿಂದಗಿಯ ಒಬ್ಬ ವೈಂಡಿಂಗ್ ಕೆಲಸಗಾರ